ಭಾವನ ಕಂಪ್ಯೂಟರಿಗೆ ನಾನಿಟ್ಟ ಪಾಸ್‌ವರ್ಡ್

ನೆಂಟರ ಮನೆಯಲ್ಲಿ ಮಾನ ಕಳೆದುಕೊಳ್ಳಲು ಕುಡಿದು ತೂರಾಡಬೇಕಿಲ್ಲ, ಜಗಳ ತೆಗೆಯಬೇಕಿಲ್ಲ. ಬೇರೆ ಯಾರಿಗೂ ಬಾರದ ಒಂದು ವಿದ್ಯೆ ನಿಮಗೆ ಬಂದರೆ ಸಾಕು. ನನಗೆ ಯುನಿಕ್ಸ್ ಬರುತ್ತದೆ, ದೊಡ್ಡ ಕಂಪ್ಯೂಟರುಗಳನ್ನು ನಡೆಸುವ ಹಳೆಯ ವ್ಯವಸ್ಥೆ. ಬ್ರಹ್ಮಾವರದ ಕಾಲೇಜೊಂದರಲ್ಲಿ ನಿವೃತ್ತನಾಗುವವರೆಗೂ ಅದನ್ನೇ ಪಾಠ ಮಾಡಿದವ ನಾನು. ಈಗ ಬೀಜಾಡಿಯಲ್ಲಿ ನನ್ನ ವಿದ್ಯೆಯನ್ನು ಕೇಳುವವರಿಲ್ಲ. ನೆರೆಯವರು ಕರೆಯುವುದು ಮೊಬೈಲಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಡಲು ಮಾತ್ರ. ಹಾಗಿರುವಾಗ ದೊಡ್ಡ ಭಾವ, ಅಂದರೆ ನನ್ನ ದೊಡ್ಡಕ್ಕನ ಗಂಡ, ಫೋನ್ ಮಾಡಿ, "ಹ್ವಾಯ್, ನಮ್ಮ ಹಳೆ ಕಂಪ್ಯೂಟರ್ ಒಳಗೇ ಬಿಡುದಿಲ್ಲ ಮಾರಾಯ, ಒಂಚೂರ್ ಬಂದ್ ಹೋಪುಕೆ ಆತ್ತಾ?" ಎಂದರೆ ಕೇಳಬೇಕೇ? ಇಸ್ತ್ರಿ ಮಾಡಿದ ಅಂಗಿ ತೊಟ್ಟೇ ಹೊರಟೆ.

ಭಾವನದು ಹಟ್ಟಿಯಂಗಡಿಯ ಹೊಳೆಬದಿಯಲ್ಲಿ ಫೈಬರ್ ದೋಣಿ ಕಟ್ಟುವ ಶೆಡ್ಡು. ಮುಂಬಯಿಯಲ್ಲಿ ಹಡಗಿನ ಕೆಲಸಕ್ಕಿದ್ದಾಗ ಅಲ್ಲಿ ಹಳತಾಗಿ ಮೂಲೆಗೆ ಬಿದ್ದಿದ್ದ ಯುನಿಕ್ಸ್ ಯಂತ್ರವೊಂದನ್ನು ಅವರು ಲಾರಿಯಲ್ಲಿ ಹೇರಿಕೊಂಡು ಬಂದಿದ್ದರು. ದೋಣಿಗಳ ನಕ್ಷೆಯೆಲ್ಲ ಅದರ ಹೊಟ್ಟೆಯಲ್ಲಿ. ಆ ಯಂತ್ರಕ್ಕೊಬ್ಬ ಯಜಮಾನನಿರುತ್ತಾನೆ, ಅವನ ಹೆಸರು 'ರೂಟ್'. ಅವನ ಪಾಸ್‌ವರ್ಡ್ ಇಲ್ಲದಿದ್ದರೆ ಯಾವ ಕೆಲಸವೂ ನಡೆಯುವುದಿಲ್ಲ. "ಭದ್ರ ಇರ್ಲಿ ಅಂದೇಳಿ ನಾನೇ ಪಾಸ್‌ವರ್ಡ್ ಬದ್ಲ್ ಮಾಡಿದ್ದೆ," ಎಂದರು ಭಾವ, "ಈಗ ನಂಗೇ ನೆನಪಿಲ್ಲ." ಉಪ್ಪುಂದದಿಂದ ದೋಣಿ ಕಟ್ಟಿಸಲು ಬಂದ ಗಿರಾಕಿಯೊಬ್ಬರು ಬೈಕಿನ ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತ ಕೂತಿದ್ದರು. ನಕ್ಷೆ ತೋರಿಸದಿದ್ದರೆ ಬೇರೆ ಕಡೆ ಹೋಗುವವರೆಂದು ಮುಖದಲ್ಲೇ ಬರೆದಿತ್ತು.

ವಿದ್ಯೆ ಕೈ ಬಿಡಲಿಲ್ಲ. ಯಂತ್ರದ ಜೊತೆ ಬಂದಿದ್ದ ಹಳೆಯ ಸಿಡಿ ಹಾಕಿ ಅದರಿಂದಲೇ ಯಂತ್ರವನ್ನು ಎಬ್ಬಿಸಿದೆ. ಒಳಗಿನ ಡಿಸ್ಕನ್ನು ತೆರೆದು, ಪಾಸ್‌ವರ್ಡ್ ಫೈಲಿನಲ್ಲಿ ರೂಟ್‌ನ ಹೆಸರಿನ ಮುಂದಿದ್ದ ಗುಪ್ತಾಕ್ಷರಗಳನ್ನು ಅಳಿಸಿದೆ. ಇದನ್ನೆಲ್ಲ ಮಾಡುವಷ್ಟು ಹೊತ್ತೂ ಭಾವ ನನ್ನ ಹೆಗಲ ಮೇಲೇ ಇದ್ದರು. "ಆಯ್ತಾ?" "ಇಷ್ಟೊತ್ತ್ ಎಂತಕ್ಕೆ?" "ಟಿವಿಗ್ ಕೊಟ್ಟಂಗೆ ತಲಿಗೊಂದ್ ಪೆಟ್ಟ್ ಕೊಟ್ರೆ ಆಗ್ದಾ?" ಮತ್ತೆ "ಆಯ್ತಾ?" ಕೊನೆಗೂ ಒಳಗೆ ಹೋಗಿ ಹೊಸ ಪಾಸ್‌ವರ್ಡ್ ಕೊಡುವ ಹೊತ್ತಿಗೆ ನನ್ನ ತಲೆ ಕಾದ ಹಂಚಾಗಿತ್ತು. ಯುನಿಕ್ಸಿನಲ್ಲಿ ಪಾಸ್‌ವರ್ಡ್ ಒತ್ತುವಾಗ ಪರದೆಯ ಮೇಲೆ ಒಂದು ಚುಕ್ಕೆಯೂ ಮೂಡುವುದಿಲ್ಲ. ಆ ಧೈರ್ಯದಲ್ಲಿ, ಭಾವನ ಮೂಗಿನ ಕೆಳಗೇ, ಇಂಗ್ಲಿಷ್ ಅಕ್ಷರಗಳಲ್ಲಿ ಬಿಡುವಿಲ್ಲದೆ ಒತ್ತಿದೆ: ದೊಡ್ಡ ಭಾವನಿಗೆ ಮಂಡೆ ಇಲ್ಲ. "ಎಂತದೂ ಬೀಳುದಿಲ್ಲಲೆ?" ಎಂದು ಭಾವ ಪರದೆಗೆ ಬಗ್ಗಿದರು. "ಬೀಳುವುದಿಲ್ಲ ಭಾವ, ಅದೇ ಅದರ ಭದ್ರತೆ," ಎಂದೆ, ಒಳಗೊಳಗೇ ನಗುತ್ತ. ಊಟವಾದ ಮೇಲೆ ಮರ್ಯಾದೆಯ ಪಾಸ್‌ವರ್ಡ್ ಇಟ್ಟರಾಯಿತು ಎಂದುಕೊಂಡೆ.

ನಕ್ಷೆ ಆಮೇಲೆ ನೋಡಿ ಎಂದು ಶೆಡ್ಡಿಗೆ ತಾಗಿದ ಮನೆಯಲ್ಲಿ ಅಕ್ಕ ಎಲ್ಲರಿಗೂ ಬಡಿಸಿದಳು. ಗಿರಾಕಿಯೂ ನಮ್ಮ ಸಾಲಿನಲ್ಲೇ ಕೂತರು. ನಾನು ಬಂಗುಡೆ ಸಾರಿಗೆ ಕೈ ಹಾಕಿದ್ದೆನಷ್ಟೆ, ಕರೆಂಟು ಹೋಯಿತು, ಬಂತು. ಯಂತ್ರ ಸತ್ತು ಮತ್ತೆ ಹುಟ್ಟಿತು. ಶೆಡ್ಡಿನ ಕೆಲಸ ನೋಡಿಕೊಳ್ಳುವ ಅಕ್ಕನ ಮಗಳು ಶೋಭಾ ಅಲ್ಲಿಂದಲೇ ಕೂಗಿದಳು: "ಮಾವಾ, ಪಾಸ್‌ವರ್ಡ್ ಕೇಳ್ತಿತ್ತ್! ಎಂತ ಹಾಕಿದ್ರಿ?"

"ಕೈ ತೊಳೆದು ಬಂದೆ," ಎಂದು ಏಳಹೊರಟೆ. "ಉಂಬುಕೆ ಕೂತವ್ರ್ ಅರ್ಧಕ್ಕೆ ಏಳುಕಾಗ," ಎಂದು ಅಕ್ಕ ಹೆಗಲು ಹಿಡಿದು ಕೂರಿಸಿದಳು. "ಪಾಸ್‌ವರ್ಡ್ ಹೇಳುಕೆ ಕೈ ಎಂತಕ್ಕೆ? ಬಾಯಿ ಇತ್ತಲೆ!" ಎಂದರು ಭಾವ. "ಮರೆತೇ ಹೋಯಿತು ಭಾವ," ಎಂದೆ. ಕೇಳಿದ್ದೇ ತಡ, ಗಿರಾಕಿ ಅನ್ನ ಬಿಟ್ಟು ಭಾವನ ಮುಖ ನೋಡಿದರು. "ಮಾಡಿದವ್ರಿಗೇ ಮರ್ತ್ ಹೋಯ್ತಾ? ಹಂಗಾರೆ ನಾನ್ ಉಂಡ್ಕಂಡ್ ಹೊರಡ್ತೆ." ಭಾವನ ಮುಖ ಬಾಡಿತು. ಆ ಮಳೆಗಾಲದಲ್ಲಿ ಶೆಡ್ಡಿಗೆ ಬಂದಿದ್ದ ಹೊಸ ಗಿರಾಕಿ ಅವರೊಬ್ಬರೇ.

ಸಣ್ಣ ದನಿಯಲ್ಲಿ ಹೇಳಿದೆ. "ಕೇಂತಿಲ್ಲ ಮಾವಾ, ಜೋರಾಗಿ!" ಕಣ್ಣು ಮುಚ್ಚಿ ಕೂಗಿದೆ: "ದೊಡ್ಡ ಭಾವನಿಗೆ ಮಂಡೆ ಇಲ್ಲ!"

ಶೆಡ್ಡಿನಲ್ಲಿ ದೋಣಿ ಉಜ್ಜುವ ಸದ್ದು ನಿಂತಿತು. ಅಕ್ಕ ನನ್ನ ಬಟ್ಟಲಿಗೆ ಹಾಕಬೇಕೆಂದು ಎತ್ತಿದ ಮೀನಿನ ತುಂಡನ್ನು ಮತ್ತೆ ಪಾತ್ರೆಗೇ ಬಿಟ್ಟಳು. ಶೋಭಾಳಿಗೆ ಮಾತ್ರ ಕೆಲಸವೇ ಮುಖ್ಯ. "ಎಲ್ಲ ಕೂಡ್ಸಿ ಬರಿಯೂದಾ? ಮಂಡೆಗೆ ಕಡೆಗೆ ಇ ಹಾಕೂದಾ, ಐ ಹಾಕೂದಾ?" ಎಂದು ಮತ್ತೆ ಕೂಗಿದಳು. ಅದಕ್ಕೂ ಉತ್ತರ ಕೊಟ್ಟೆ. ಯಂತ್ರ ತೆರೆದುಕೊಂಡಿತು. ನನ್ನ ಕೆಳಗಿನ ನೆಲ ತೆರೆದುಕೊಳ್ಳಲಿಲ್ಲ.

ಭಾವ ಅನ್ನ ಕಲಸಿದರು. ಆಮೇಲೆ ತಲೆ ಎತ್ತದೆ ಅಂದರು: "ಹೇಳದ್ದ್ ಸಮ ಇತ್ತ್. ಮಂಡೆ ಇದ್ದಿರೆ ನಿನ್ನ ಕರೀತಿದ್ನಾ?" ಗಿರಾಕಿ ಬಿದ್ದು ಬಿದ್ದು ನಕ್ಕರು. ಊಟ ಮುಗಿಸಿ ನಕ್ಷೆ ನೋಡಿದರು, ದೋಣಿಯನ್ನು ಅಲ್ಲೇ ಕಟ್ಟಿಸುವುದಾಗಿ ಒಪ್ಪಿದರು. ನನ್ನನ್ನು ಯಾರೂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಬಸ್ಸಿನಲ್ಲಿ ಮನೆಗೆ ಬರುವಾಗ, ವರ್ಷವರ್ಷವೂ ಕರಿಹಲಗೆಯ ಮೇಲೆ ನಾನೇ ಬರೆದು ಅಡಿಗೆರೆ ಎಳೆದಿದ್ದ ಒಂದು ಮಾತು ನೆನಪಾಯಿತು: ಹಳೆಯ ಯುನಿಕ್ಸ್ ಪಾಸ್‌ವರ್ಡಿನ ಮೊದಲ ಎಂಟು ಅಕ್ಷರಗಳನ್ನು ಮಾತ್ರ ನೋಡುತ್ತದೆ, ಉಳಿದದ್ದು ಏನಿದ್ದರೂ ಅದಕ್ಕೆ ಬೇಡ. ಇಂಗ್ಲಿಷ್ ಅಕ್ಷರಗಳನ್ನು ಬೆರಳು ಮಡಚಿ ಲೆಕ್ಕ ಹಾಕಿದೆ; 'ಭಾವ' ಮುಗಿಯುವ ಮೊದಲೇ ಎಂಟಾಗಿತ್ತು. ಅಷ್ಟು ಜನರ ಎದುರು ನಾನು "ದೊಡ್ಡ ಭಾವ" ಎಂದಷ್ಟೇ ಹೇಳಿ ಬಾಯಿ ಮುಚ್ಚಿದ್ದರೂ ಬಾಗಿಲು ತೆರೆಯುತ್ತಿತ್ತು. ಭಾವನ ಮೇಲೆ ಇವನಿಗೆ ಎಷ್ಟು ಗೌರವ ಎಂದು ಅಕ್ಕ ಇನ್ನೆರಡು ತುಂಡು ಮೀನು ಬಡಿಸುತ್ತಿದ್ದಳು.