ಮುರಿದ ಮೂರು ಸ್ಟಡ್ಡು

ಅನ್ನಪೂರ್ಣಮ್ಮ ಅಂಗಳಕ್ಕೆ ಸಗಣಿ ನೀರು ಚಿಮುಕಿಸಿ, ರಂಗೋಲಿಯ ಚುಕ್ಕಿ ಇಡಲು ಬಗ್ಗಿದ್ದರಷ್ಟೇ. ಜಗಲಿಯ ಪಕ್ಕದ ಕಾರಿನಿಂದ ‘ಟಣ್’ ಎಂದು ಸದ್ದಾಯಿತು. ನೋಡಿದರೆ ಮಗ ಕರಿಬಸವರಾಜ ಸ್ಪ್ಯಾನರ್ ಹಿಡಿದು, ದೇವರ ಮನೆಯ ಗಂಟೆ ಒಡೆದವನಂತೆ ನಿಂತಿದ್ದ.

“ಏನ್ ಮುರಿದ್ಯೋ?”

“ಸ್ಟಡ್ಡವ್ವ. ಹೊಗೆ ಕೊಳವೇನ ಎಂಜಿನ್ನಿಗೆ ಬಿಗಿಯೋ ಬೋಲ್ಟು. ಅರ್ಧ ಒಳಗೇ ಉಳೀತು.”

“ಹರಿಹರದ ಮೆಕ್ಯಾನಿಕ್ ಚಾಂದ್ ಪಾಷಾ ಬರೋತನಕ ಮುಟ್ಟಬ್ಯಾಡ ಅಂದಿದ್ನಲ್ಲಪ್ಪ!”

ಅದು ಐವತ್ತೆಂಟನೇ ಇಸವಿ. ದಾವಣಗೆರೆಯ ಆ ಓಣಿಗೆಲ್ಲ ಅದೊಂದೇ ಕಾರು. ಕೊಳವೆ ಸಡಿಲಾದ ಮೇಲೆ ಅದು ಗುಡುಗುತ್ತ ಬಂದರೆ ಮಿಲ್ಲಿನ ಕೂಗೂ ಕೇಳುತ್ತಿರಲಿಲ್ಲ. ಕರಿಬಸವರಾಜನ ಹೆಂಡತಿ ಹರಿಹರದ ತವರಿನಲ್ಲಿದ್ದಳು. ಮಗ ಹುಟ್ಟಿ ಐದು ತಿಂಗಳು. ಮಾವ ವಾಮದೇವಪ್ಪ ಕಡ್ಡಿ ಮುರಿದಂತೆ ಹೇಳಿದ್ದರು: “ರೈಲಿನ ನೂಕುನುಗ್ಗಲಿನಾಗ ಕೂಸನ್ನ ಕಳ್ಸಂಗಿಲ್ಲ. ಸದ್ದು ಮಾಡೋ ಕಾರಿನಾಗಂತೂ ಕಳ್ಸಂಗೇ ಇಲ್ಲ.” ನಾಳೆಯಿಂದ ಆಷಾಢ. ಇವತ್ತು ತಪ್ಪಿದರೆ ಇನ್ನೊಂದು ತಿಂಗಳು ಹೆಂಡತಿಯೂ ಇಲ್ಲ, ಕೂಸೂ ಇಲ್ಲ.

ಸದ್ದು ಕೇಳಿ ಎದುರು ಮನೆಯ ಕೆಂಚವೀರಪ್ಪ ಟವೆಲ್ ಕೊಡವುತ್ತ ಬಂದರು. ಎಣ್ಣೆ ಮಿಲ್ಲಿನಲ್ಲಿ ಮೂವತ್ತು ವರ್ಷ ದುಡಿದವರು.

“ತುಕ್ಕು ಹಿಡಿದೈತೆ ಬಸಣ್ಣ. ಎಂಜಿನ್ ಬಿಸಿ ಮಾಡು, ಎಣ್ಣೆ ಹಾಕು. ಬೆಣ್ಣೆಯಾಗಿನ ಕೂದಲಿನಂಗೆ ಬರ್ತೈತೆ.”

ಎಣ್ಣೆ ಅಂದರೆ ಅವರಿಗೆ ಒಂದೇ ಎಣ್ಣೆ. ಮನೆಯಿಂದ ಒಂದು ಚೊಂಬು ಶೇಂಗಾ ಎಣ್ಣೆ ತಂದು ಕಾದ ಕಬ್ಬಿಣಕ್ಕೆ ಸುರಿದರು. ಚೊರ್ ಎಂದು ಹೊಗೆ ಎದ್ದು, ಓಣಿಯ ತುಂಬ ಮಿರ್ಚಿ ಕರಿದ ಘಮ ಹಬ್ಬಿತು. ಇಬ್ಬರು ದಾರಿಹೋಕರು ಮಂಡಕ್ಕಿ ಪೊಟ್ಟಣ ಹಿಡಿದುಕೊಂಡೇ ಬಂದರು.

“ಮಿರ್ಚಿ ಆತೇನ್ರಿ?”

“ಇಲ್ಲಿ ಕಾರು ಕರೀತಾ ಅದೀವಿ, ಹೋಗ್ರಪ್ಪ!” ಎಂದ ಕರಿಬಸವರಾಜ.

ಕೆಂಚವೀರಪ್ಪ ಸೋಲುವವರಲ್ಲ. ಸ್ಪ್ಯಾನರಿಗೆ ಉದ್ದದ ಪೈಪು ಸಿಗಿಸಿ, “ಜಗ್ಗು!” ಎಂದರು. ಜಗ್ಗಿದ. ಟಣ್. ಪಕ್ಕದ್ದೂ ಹೋಯಿತು. “ಇನ್ನೊಂದು ಬರಬೌದು, ಜಗ್ಗು.” ಟಣ್.

“ಅಪ್ಪಾಜಿ...” ಎಂದಳು ಆರು ವರ್ಷದ ಮಗಳು ದಾಕ್ಷಿ.

“ಸುಮ್ನಿರವ್ವ!”

ಮಧ್ಯಾಹ್ನದ ಬಸ್ಸಿಗೆ ಚಾಂದ್ ಪಾಷಾ ಬಂದ. ಇಣುಕಿ ನೋಡಿ ಹಣೆ ಹಣೆ ಬಡಿದುಕೊಂಡ.

“ಒಂದು ಬಿಗಿ ಮಾಡಾಕ ಬಂದ್ರೆ ಮೂರು ಮುರಿದಿಟ್ಟೀರಲ್ಲ ಸಾವ್ಕಾರ್ರೆ! ಕಬ್ಬಿಣಾನ ಎಳೀಬಾರದು, ಒಲಿಸ್ಕೋಬೇಕು.”

ಅವನು ಒಲಿಸಿಕೊಂಡ. ಮುರಿದ ತುಂಡಿನ ನಡುವೆ ಕೈ ಡ್ರಿಲ್ಲಿನಿಂದ ತೂತು ಕೊರೆದ. ಬುಸುಗುಡುವ ಸೀಮೆಎಣ್ಣೆ ಬ್ಲೋ ಲ್ಯಾಂಪಿನ ಉರಿಯಿಂದ ಕಾಯಿಸಿದ. ತೂತಿಗೆ ಚೌಕದ ಉಕ್ಕಿನ ಕಡ್ಡಿ ಬಡಿದು, ಕೂಸಿಗೆ ಎಣ್ಣೆ ನೀವುವವಳಂತೆ ಅಷ್ಟು ಹಿಂದೆ, ಇಷ್ಟು ಮುಂದೆ ತಿರುಗಿಸಿದ. ಓಣಿಯೇ ಸುತ್ತ ನೆರೆದು ಬಗ್ಗಿ ನೋಡುತ್ತಿತ್ತು. ಒಂದು ಬಂತು. ಎರಡು. ಮೂರನೆಯದು ಬಂದಾಗ ಅನ್ನಪೂರ್ಣಮ್ಮ ಎಲ್ಲರಿಗೂ ಬೆಲ್ಲ ಹಂಚಿದರು.

ಹೊಸ ಸ್ಟಡ್ಡು ಬಿಗಿದಾಗ ಮೂರೂವರೆ. ಕರಿಬಸವರಾಜ ಬಿಳಿ ಅಂಗಿ ತೊಟ್ಟು, ಹಣೆಗೆ ವಿಭೂತಿ ಹಚ್ಚಿ ಬಂದು ಸ್ಟೇರಿಂಗಿನ ಮುಂದೆ ಮದುಮಗನಂತೆ ಕೂತು ಎಂಜಿನ್ ಚಾಲೂ ಮಾಡಿದ. ಗುಡುಗು ಮಾಯ! ಓಣಿ ಎಷ್ಟು ನಿಶ್ಶಬ್ದವಾಯಿತೆಂದರೆ ಬೇವಿನ ಮರದ ಗುಬ್ಬಿಗಳ ದನಿ ಕೇಳಿಸಿತು.

ಅದರ ಜೊತೆಗೆ ಇನ್ನೊಂದೂ ಕೇಳಿಸಿತು. ಇಷ್ಟು ದಿನ ಗುಡುಗಿನಡಿ ಅಡಗಿದ್ದ ದೊಡ್ಡ ರೋಗದ ಸದ್ದು, ಎಂಜಿನ್ನಿನ ಹೊಟ್ಟೆಯೊಳಗಿಂದ: ಡಬ್... ಡಬ್... ಡಬ್.

ಚಾಂದ್ ಪಾಷಾ ಬೇವಿನ ಮರ ನೋಡತೊಡಗಿದ. ಕೆಂಚವೀರಪ್ಪನವರಿಗೆ ಮನೆಯಲ್ಲಿ ಏನೋ ಕೆಲಸ ನೆನಪಾಯಿತು. ಕರಿಬಸವರಾಜ ಕಣ್ಣು ಮುಚ್ಚಿಕೊಂಡಿದ್ದ.

ದಾಕ್ಷಿ ಬಂದು ಬಾನೆಟ್ಟಿಗೆ ಕಿವಿ ಹಚ್ಚಿದಳು. ಆಮೇಲೆ ಓಣಿಗೆಲ್ಲ ಕೇಳುವಂತೆ ಕೇಳಿದಳು:

“ಅಪ್ಪಾಜಿ, ಒಳಗಿಂದ ಯಾರೋ ಬಾಗ್ಲು ಬಡೀತಾ ಅದಾರಲ್ಲ, ಯಾರದು?”