ಬಿಳಿ, ಬೆಳ್ಳಿ ಮತ್ತು ಗಂಗವ್ವ

ಕ್ರಿಸ್ಮಸ್‌ಗೆ ಮನೆ ಸಿಂಗರಿಸುವುದು ಹೇಗೆಂದು ಇಡೀ ಇಂಡಿ ತಾಲ್ಲೂಕಿನಲ್ಲಿ ನನ್ನೊಬ್ಬಳಿಗೇ ಗೊತ್ತು ಎಂದು ಹೋದ ವರ್ಷದ ತನಕ ನಂಬಿದ್ದೆ. ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿದ್ದೆ. ಧೈರ್ಯಕ್ಕೆ ಅಷ್ಟು ಸಾಕಲ್ಲ! ಅದರಲ್ಲಿ ಒಬ್ಬ ಹೆಂಗಸು ಎರಡೇ ಬಣ್ಣ ಆರಿಸಿಕೊಳ್ಳಿ, ಬಾಗಿಲಿನಿಂದ ಅಡುಗೆಮನೆಯ ತನಕ ಅವನ್ನೇ ಬಳಸಿ, ಮೂರನೆಯ ಬಣ್ಣವನ್ನು ಹೊಸ್ತಿಲು ದಾಟಲು ಬಿಡಬೇಡಿ ಎಂದು ಬಹಳ ಗಂಭೀರವಾಗಿ ಹೇಳುತ್ತಿದ್ದಳು. ನಾನು ಬಿಳಿ ಮತ್ತು ಬೆಳ್ಳಿಯನ್ನು ಆರಿಸಿಕೊಂಡೆ.

ಇದಕ್ಕೆಲ್ಲ ಮೂಲ ನನ್ನ ನಾದಿನಿ ಸುವರ್ಣಾ. ಬೆಳಗಾವಿಯಲ್ಲಿದ್ದಾಳೆ. ಅದರ ಹಿಂದಿನ ಕ್ರಿಸ್ಮಸ್‌ಗೆ ಊಟಕ್ಕೆ ಬಂದವಳು, ನಮ್ಮ ಪಡಸಾಲೆಯಲ್ಲಿ ನೇತಾಡುತ್ತಿದ್ದ ಕೆಂಪು, ಹಸಿರು, ಗುಲಾಬಿ ಕಾಗದಗಳನ್ನು ನೋಡಿ, ಪಾಸ್ಟರ್ ಕುಟುಂಬದ ಎದುರಿಗೇ, "ವೈನಿ, ಬಳಿ ಅಂಗಡಿ ಹೊಕ್ಕಂಗ ಆತು ನೋಡ್ರಿ" ಅಂದಳು. ಪಾಸ್ಟರ್ ನಕ್ಕರು. ಅವರ ಹೆಂಡತಿ ನಕ್ಕರು. ನಮ್ಮ ಮನೆಯವರೂ ನಕ್ಕರು. ನಾನು ಬಡಿಸುತ್ತಿದ್ದ ಸೌಟನ್ನು ಪಾತ್ರೆಯಲ್ಲೇ ಬಿಟ್ಟು ಒಳಗೆ ಹೋದೆ. ಆ ಸಿಟ್ಟು ವರ್ಷವಿಡೀ ಇಳಿಯಲಿಲ್ಲ. ಈ ಸಲ ಅವಳ ಬಾಯಿ ಮುಚ್ಚಿಸಲೇಬೇಕು, ಅಷ್ಟೇ ನನ್ನ ಗುರಿಯಾಗಿತ್ತು. ಯೇಸುಸ್ವಾಮಿ ಹುಟ್ಟಿದ ಹಬ್ಬಕ್ಕೆ ಇದು ತಕ್ಕ ಗುರಿಯಲ್ಲ ಎಂದು ನನಗೂ ಗೊತ್ತು.

ಬಿಳಿ ಪರದೆ ಬಂತು, ಬಿಳಿ ಹಾಸು ಬಂತು, ಬಿಳಿ ಎಲೆಗಳ ಪ್ಲಾಸ್ಟಿಕ್ ಗಿಡ ಬಂತು. ಎಲ್ಲವನ್ನೂ ಜೋಡಿಸಿ ನಾನು ಸಾಲೆಗೆ ಪಾಠ ಹೇಳಲು ಹೋದೆ. ಅದೇ ದಿನ ನಮ್ಮ ಮನೆಯ ಹಿಂದಿನ ಬಯಲಿಗೆ ತೊಗರಿ ರಾಶಿ ಮಾಡುವ ಮಷಿನ್ ಬಂತು. ಸಂಜೆ ನಾನು ತಿರುಗಿ ಬರುವಷ್ಟರಲ್ಲಿ ಪರದೆ, ಹಾಸು, ಗಿಡ ಮೂರೂ ಒಂದೇ ಬಣ್ಣಕ್ಕೆ ತಿರುಗಿದ್ದವು. ವಿಡಿಯೋದವಳು ಎರಡು ಬಣ್ಣ ಅಂದಿದ್ದಳು, ನಮ್ಮ ಮನೆ ಒಂದೇ ಬಣ್ಣದಲ್ಲಿ ಮುಗಿಸಿತ್ತು! ಮಣ್ಣಿನ ಬಣ್ಣ.

"ಕಿಡಕಿ ಹಾಕಾಕ ನಿಮಗ ಏನಾಗಿತ್ರಿ?" ಎಂದು ನಮ್ಮ ಮನೆಯವರ ಮೇಲೆ ಹರಿಹಾಯ್ದೆ. ಅವರು ದನದ ದವಾಖಾನೆಯಲ್ಲಿ ಕಂಪೌಂಡರ್. ಎಮ್ಮೆ ಒದ್ದರೂ ಸಿಟ್ಟಾಗದ ಮನುಷ್ಯ.

"ಇರ್ಲಿ ಬಿಡು" ಅಂದರು. ಮದುವೆಯಾದಾಗಿನಿಂದ ಅವರು ನನ್ನ ಸಿಟ್ಟಿಗೆ ಕೊಟ್ಟಿರುವ ಔಷಧ ಇದೊಂದೇ. ಒಮ್ಮೆಯೂ ಕೆಲಸ ಮಾಡಿಲ್ಲ.

ಮತ್ತೆ ಎಲ್ಲ ಒಗೆದೆ, ಒರೆಸಿದೆ, ಆದರೂ ಕಂದು ಬಣ್ಣ ಪೂರ್ತಿ ಬಿಡಲಿಲ್ಲ. ಇಷ್ಟಕ್ಕೆ ಸೋಲಬಾರದೆಂದು ಗಿಡದ ಬುಡದಲ್ಲಿ ಹಿಮ ಬೀಳಿಸಲು ತೀರ್ಮಾನಿಸಿದೆ. ಮೆಡಿಕಲ್ ಅಂಗಡಿಯಿಂದ ಹತ್ತಿಯ ದೊಡ್ಡ ಸುರುಳಿ ತರಿಸಿ, ಬಿಡಿಸಿ, ಹರವಿ, ಬೆಳ್ಳಿಪುಡಿ ಉದುರಿಸಿದೆ. ನಿಜವಾದ ಹಿಮವನ್ನು ನಾನಾಗಲಿ ನನ್ನ ವಂಶದವರಾಗಲಿ ನೋಡಿಲ್ಲ, ಆದರೂ ಅದೇ ಹಿಮ ಎಂದು ಒಪ್ಪಿಕೊಂಡೆ.

ಈಗ ಗಂಗವ್ವನ ವಿಷಯಕ್ಕೆ ಬರಬೇಕು. ಗಂಗವ್ವ ನಮ್ಮ ಪಕ್ಕದ ಮನೆಯ ಅಜ್ಜಿ. ನಾನು ಸಾಲೆಗೆ ಹೋಗುವಾಗ ಮನೆಯ ಕೀಲಿ ಅವಳ ಹತ್ತಿರವೇ ಇರುತ್ತದೆ. ನನ್ನ ಮಗಳಿಗೆ ಹುಟ್ಟಿದ ದಿನದಿಂದ ಎಣ್ಣೆ ತಿಕ್ಕಿ ನೀರೆರೆದವಳು ಅವಳೇ. ಹಾಗಾಗಿ ಅವಳ ಮೇಲೆ ಬಂದ ಸಿಟ್ಟನ್ನು ಹೊರಗೆ ಹಾಕುವ ಹಕ್ಕು ನನಗಿಲ್ಲ. ಆ ಪಾಲೂ ನಮ್ಮ ಮನೆಯವರಿಗೇ ಹೋಗುತ್ತದೆ.

ಮರುದಿನ ಸಂಜೆ ಬಂದರೆ ಗಿಡದ ಬುಡ ಬೋಳು. ಗಂಗವ್ವ ನಮ್ಮ ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತಿದ್ದಳು. ಪಕ್ಕದ ಬುಟ್ಟಿಯ ತುಂಬ ಬತ್ತಿಗಳು.

"ಅಕ್ಕಾರ, ಹತ್ತಿ ಹಂಗ ಚೆಲ್ಲಿ ಹೋಗಿದ್ರಿ. ಧೂಳ ಕುಂದ್ರಾಕತ್ತಿತ್ತು. ಎಲ್ಲಾ ಬತ್ತಿ ಹೊಸದ ಇಟ್ಟೇನಿ, ಬರೂ ವರ್ಷದ ತನಾ ಚಿಂತಿಲ್ಲ."

"ಆಯಿ, ಅದು ಹಿಮಾ ರೀ" ಅಂದೆ. ಅಳು ಬರುವುದೊಂದು ಬಾಕಿ.

ಗಂಗವ್ವ ಒಮ್ಮೆ ಅಂಗಳದ ಬಿಸಿಲನ್ನು ನೋಡಿದಳು, ಒಮ್ಮೆ ನನ್ನನ್ನು ನೋಡಿದಳು. ನನ್ನನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದಳು. ಒಳಗಿನಿಂದ ನಮ್ಮ ಮನೆಯವರು ನಕ್ಕ ಸದ್ದು ಕೇಳಿಸಿತು. ಅಂದು ರಾತ್ರಿ ಅವರ ರೊಟ್ಟಿಗೆ ಪಲ್ಯ ಸಿಗಲಿಲ್ಲ.

ಉಳಿದದ್ದು ಗೋದಲಿ, ಯೇಸು ಹುಟ್ಟಿದ ಕೊಟ್ಟಿಗೆ. ಅದನ್ನು ಕಟ್ಟೆಯ ಮೂಲೆಯಲ್ಲಿ ಜೋಳದ ದಂಟಿನಿಂದ ಕಟ್ಟಿದ್ದೆ. ಒಳಗೆ ಮರಿಯಳು, ಯೋಸೇಫ, ಮಧ್ಯೆ ಕೂಸು. ದಂಟಿಗೆ ಬೆಳ್ಳಿಯ ಬಣ್ಣ ಬಳಿದುಬಿಟ್ಟರೆ ಕೆಲಸ ಮುಗಿಯಿತು, ಸುವರ್ಣಾಳ ಕಥೆಯೂ ಮುಗಿಯಿತು ಎಂದುಕೊಂಡೆ. ಕ್ರಿಸ್ಮಸ್ ಬೆಳಿಗ್ಗೆ ಆರಾಧನೆ ಮುಗಿಸಿ ಬಂದು ಬಳಿಯುವುದೆಂದು ಬಣ್ಣದ ಡಬ್ಬಿಯನ್ನು ಪಕ್ಕದಲ್ಲೇ ಇಟ್ಟು, ಕೀಲಿಯನ್ನು ಗಂಗವ್ವನಿಗೆ ಕೊಟ್ಟು ಹೋದೆ. ನನಗೆ ಬುದ್ಧಿ ಬರುವುದು ತಡ.

ಆ ವರ್ಷ ಎಳ್ಳ ಅಮಾವಾಸ್ಯೆ ಹತ್ತಿರವೇ ಇತ್ತು. ಅಂದು ನಮ್ಮ ಕಡೆ ಎಲ್ಲರೂ ಹೊಲಕ್ಕೆ ಹೋಗಿ, ಜೋಳದ ದಂಟಿನ ಸಣ್ಣ ಕೊಂಪೆ ಕಟ್ಟಿ, ಸುಣ್ಣ ಬಳಿದ ಐದು ಕಲ್ಲುಗಳನ್ನು ಪಾಂಡವರೆಂದು ಇಟ್ಟು ಪೂಜೆ ಮಾಡುತ್ತಾರೆ. ಗಂಗವ್ವನ ಕಣ್ಣಿಗೆ ನನ್ನ ಕಟ್ಟೆಯ ಮೇಲೆ ಕಂಡದ್ದು ಅಂಥದೇ ಕೊಂಪೆ. ಅಕ್ಕಾರು ಪಾಪ ಗಡಿಬಿಡಿಯಲ್ಲಿ ಪಾಂಡವರನ್ನು ಮರೆತಿದ್ದಾರೆ ಎಂದು ಅವಳಿಗೆ ಅನಿಸಿತು.

ನಾನು ಬಂದು ನೋಡಿದಾಗ ಯೋಸೇಫನ ಪಕ್ಕದಲ್ಲಿ ಸಾಲಾಗಿ ಐದು ಕಲ್ಲು ಕುಳಿತಿದ್ದವು. ಸುಣ್ಣ ಬಳಿದು ಕುಂಕುಮ ಹಚ್ಚಿದ್ದರಿಂದ ಮೂರನೆಯ ಬಣ್ಣ ಹೊಸ್ತಿಲಿಗೆ ಬಂದೇಬಿಟ್ಟಿತ್ತು. ಮುಂದೆ ಎರಡು ಹಣತೆ ಉರಿಯುತ್ತಿದ್ದವು. ಅವುಗಳಲ್ಲಿ ಉರಿಯುತ್ತಿದ್ದದ್ದು ನನ್ನ ಹಿಮ. ಇಷ್ಟು ಹೆಣಗಾಡಿದ ಮೇಲೆ ನನ್ನ ಇಡೀ ಮನೆಯಲ್ಲಿ ನಿಜವಾಗಿ ಬೆಳ್ಳಗೆ ಉಳಿದದ್ದು ಆ ಐದು ಕಲ್ಲುಗಳು ಮಾತ್ರ ಎಂಬುದು ಆಗಲೇ ಕಣ್ಣಿಗೆ ಬಿತ್ತು, ಅದಕ್ಕೆ ಇನ್ನೂ ಸಿಟ್ಟು ಬಂತು. ಸೆರಗು ಸಿಕ್ಕಿಸಿ ಭೀಮನನ್ನೋ ಅರ್ಜುನನನ್ನೋ ಎತ್ತಲು ಬಗ್ಗಿದೆ. ಬಾಗಿಲಲ್ಲಿ ಸುವರ್ಣಾಳ ಕಾರು ನಿಂತಿತು. ಹಿಂದೆಯೇ ಪಾಸ್ಟರ್ ಕುಟುಂಬ.

ಸುವರ್ಣಾ ಪಡಸಾಲೆಯ ಕಂದು ಪರದೆಯನ್ನು ನೋಡಿದಳು, ಗಿಡದ ಬೋಳು ಬುಡವನ್ನು ನೋಡಿದಳು, ಪರದೆಯ ಅಂಚನ್ನು ಎರಡು ಬೆರಳಲ್ಲಿ ಎತ್ತಿ ಬಿಟ್ಟಳು. ಅದು ಬಳೆ ಅಂಗಡಿಗಿಂತ ಕೆಟ್ಟದಾಗಿತ್ತು. ಆಮೇಲೆ ಕಟ್ಟೆಗೆ ಬಂದು ಗೋದಲಿಯ ಮುಂದೆ ಕುಳಿತುಬಿಟ್ಟಳು.

"ವೈನಿ, ಇದು ಭಾಳ ಛಲೋ ಆಗೈತ್ರಿ. ದಂಟು, ಹಣತಿ, ಬಿಳಿ ಕಲ್ಲು... ಇದು ಯಾರ ಐಡಿಯಾ?"

"ನಂದ" ಅಂದಿತು ನನ್ನ ಬಾಯಿ. ನನ್ನನ್ನು ಕೇಳಲೇ ಇಲ್ಲ.

ಈ ಐದು ಕಲ್ಲುಗಳು ಯಾರೆಂದು ಪಾಸ್ಟರ್ ವಿಚಾರಿಸಿದರು. ಕುರಿ ಕಾಯುವವರು ಎಂದೆ. ಪಾಸ್ಟರ್ ತಲೆದೂಗಿದರು. ಆ ಹೊತ್ತಿಗೆ ಸರಿಯಾಗಿ ಶೇಂಗಾ ಹೋಳಿಗೆಯ ತಾಟು ಹಿಡಿದು ಗಂಗವ್ವ ಬಂದಳು.

"ಪಾಂಡವರ್ರೀ ಅವ್ರು" ಅಂದಳು, ತಾಟನ್ನು ಪಾಸ್ಟರ್ ಕೈಗೇ ಕೊಡುತ್ತ. "ಅಕ್ಕಾರು ಮರತಿದ್ರು, ನಾನ ತಂದ ಇಟ್ಟೀನಿ. ಹಸುಗೂಸು ನೋಡ್ರಿ, ಚಳ್ಯಾಗ ಬಯಲಾಗ ಮಲಗೇತಿ. ಕಾವಲಾ ಬ್ಯಾಡೇನ್ರಿ?"

ನಾನು ನೆಲ ನೋಡಿದೆ. ಸುವರ್ಣಾ ನನ್ನನ್ನು ನೋಡಿದಳು. ಪಾಸ್ಟರ್ ಕೆಮ್ಮಿ, ಹೋಳಿಗೆ ಮುರಿದು, ಕಾವಲಿಗೆ ಕುಳಿತವರನ್ನು ಎಬ್ಬಿಸುವುದು ಸರಿಯಲ್ಲ, ಇರಲಿ ಬಿಡಿ ಎಂದರು. ನಮ್ಮ ಮನೆಯವರ ಔಷಧ ಪಾಸ್ಟರಿಗೂ ಹತ್ತಿತ್ತು. ಎಲ್ಲರೂ ನಕ್ಕರು. ಬಳೆ ಅಂಗಡಿಗೆ ನಕ್ಕದ್ದಕ್ಕಿಂತ ಜೋರಾಗಿ!

ಈ ವರ್ಷ ಸುವರ್ಣಾ ಬರಲಿಲ್ಲ, ತನ್ನ ಮನೆಯ ಫೋಟೋ ಕಳಿಸಿದಳು. ಬಾಗಿಲಿನಿಂದ ಅಡುಗೆಮನೆಯ ತನಕ ಬಿಳಿ ಮತ್ತು ಬೆಳ್ಳಿ. ಎಲ್ಲೂ ಧೂಳಿಲ್ಲ. ಗಿಡದ ಬುಡದಲ್ಲಿ ಹತ್ತಿಯ ಹಿಮ, ಗೋದಲಿಯ ಪಕ್ಕದಲ್ಲಿ ಸಾಲಾಗಿ ಐದು ಬಿಳಿ ಕಲ್ಲು. ಕೆಳಗೆ, "ವೈನಿ, ಎಲ್ಲಾ ನಿಮ್ಮ ಐಡಿಯಾ" ಎಂದು ಬರೆದಿದ್ದಳು. ನನಗೆ ಬಂದ ಸಿಟ್ಟಿಗೆ ಮೊಬೈಲು ಒಡೆಯಬೇಕಿತ್ತು. ಯಾರಿಗಾದರೂ ತೋರಿಸಿ ಬೈಸೋಣ ಎಂದು ಗಂಗವ್ವನ ಹತ್ತಿರ ಹೋದೆ.

ಗಂಗವ್ವ ಮೊಬೈಲನ್ನು ದೂರ ಹಿಡಿದು, ಹತ್ತಿರ ಹಿಡಿದು, ಬಹಳ ಹೊತ್ತು ನೋಡಿದಳು. ಅವಳ ಮುಖ ಸಪ್ಪಗಾಯಿತು.

"ಇಷ್ಟು ಹತ್ತಿ ಹಂಗ ಬಿದ್ದೈತಲ್ರೀ" ಅಂದಳು. "ಬತ್ತಿ ಹೊಸ್ಯಾಕ ಅವರ ಬಾಜೂಕ ಯಾರೂ ಇಲ್ಲೇನು?"

ನಾನು ಈ ಸಲವೂ ಹಿಮಕ್ಕೆಂದು ತಂದಿಟ್ಟಿದ್ದ ಹತ್ತಿಯ ಸುರುಳಿಯನ್ನು ಮನೆಯಿಂದ ತಂದು ಅವಳ ಪಕ್ಕದಲ್ಲಿ ಬಿಚ್ಚಿದೆ. ನಾನೂ ಕುಳಿತು ಬತ್ತಿ ಹೊಸೆದೆ. ಗಂಗವ್ವ ನನ್ನ ಬತ್ತಿಗಳನ್ನು ಒಂದೊಂದಾಗಿ ಎತ್ತಿ, ಬಿಚ್ಚಿ, ಮತ್ತೆ ಹೊಸೆದು ಬುಟ್ಟಿಗೆ ಹಾಕಿದಳು.