ಅಕ್ಕನ ಕಿಡ್ನಿ, ತಮ್ಮನ ಮೊಣಕಾಲು

ಗೋಕಾಕದಲ್ಲಿ ದವಾಖಾನೆ ತೆರೆದ ಮೇಲೆ ನನಗೆ ನಗುವಿಗೆ ಬರ ಬಂದಿಲ್ಲ. ರೋಗಿಗಿಂತ ಜೊತೆಗೆ ಬಂದವರೇ ನಗಿಸುತ್ತಾರೆ. ತೊಂಬತ್ತರ ದಶಕದ ಕೊನೆಗೆ ಬಂದ ಒಬ್ಬ ಅಕ್ಕ ಮಾತ್ರ ನಗಿಸಿದ್ದಲ್ಲದೆ ನನಗೆ ಡಾಕ್ಟರಿಕೆಯನ್ನೂ ಕಲಿಸಿದಳು.

೧. ಪೆನ್ನು

ರೋಗಿ ಅವಳ ತಮ್ಮ, ನಾಗನೂರಿನ ಕುರಿಗಾರ. ಅಕ್ಕನನ್ನು ಹುಕ್ಕೇರಿಗೆ ಕೊಟ್ಟಿತ್ತು. ಎರಡು ವರ್ಷದ ಹಿಂದೆ ಅವನಿಗೆ ತನ್ನದೊಂದು ಕಿಡ್ನಿ ಕೊಟ್ಟವಳು ಅವಳೇ. ಈಗ ಅವನ ಮೊಣಕಾಲು ಕುಂಬಳಕಾಯಿಯಷ್ಟು ಬಾತಿತ್ತು, ಜ್ವರ ಮಾತ್ರ ಇಲ್ಲ. ಸಾದಾ ಬಾವೆಂದು ನೋವಿನ ಗುಳಿಗೆ ಬರೆಯಹೋದೆ. ಅಕ್ಕ ಪೆನ್ನು ಕಸಿದುಕೊಂಡಳು.

“ನೋವಿನ ಗುಳಿಗಿ ಕಿಡ್ನಿಗೆ ಆಗಂಗಿಲ್ಲಂತ ದೊಡ್ಡ ಡಾಕ್ಟ್ರು ಹೇಳ್ಯಾರ್ರಿ.”

“ಕಾಲು ನೋಯಾಕತ್ತಿದ್ದು ಅವಂಗಲ್ಲೇನ್ರಿ ಅಕ್ಕಾರ?”

“ಕಾಲು ಅವಂದ್ರಿ. ಕಿಡ್ನಿ ನಂದು. ನನ್ನ ಕೇಳಿ ಬರೀರಿ.”

ಅವಳು ಹೇಳಿದ್ದೇ ಸರಿ. ನಾಚಿಕೊಂಡು ಚೀಟಿ ಹರಿದೆ. ಪೆನ್ನು ಮರಳಿ ಕೊಡುವಾಗಲೂ ನನ್ನನ್ನೊಮ್ಮೆ ದಿಟ್ಟಿಸಿಯೇ ಕೊಟ್ಟಳು.

೨. ಬಿಸಿಲು

ಕೀಲಿನ ನೀರು ತೆಗೆದು ಬೆಳಗಾವಿಗೆ ಕಳಿಸಿದೆ. ವಾರಗಳ ಮೇಲೆ ಉತ್ತರ ಬಂತು: ಕೀಲಿನೊಳಗೆ ಬೂಷ್ಟು.

“ಹಳೇ ರೊಟ್ಟಿಗೆ ಬರ್ತೈತಲ್ರಿ, ಅದರ ಜಾತೀದು,” ಎಂದೆ.

ಮರುದಿನ ನೋಡಿದರೆ ದವಾಖಾನೆಯ ಕಟ್ಟೆಯ ಮೇಲೆ ತಮ್ಮ ಧೋತರ ಎತ್ತಿ, ಕಾಲನ್ನು ಬಿಸಿಲಿಗೆ ಚಾಚಿ ಕೂತಿದ್ದ. ಬಾಜೂಕ್ಕೆ ಅಕ್ಕನ ಕಾವಲು.

“ಹಪ್ಪಳಕ್ಕ ಬೂಷ್ಟು ಬಂದ್ರ ನಾವು ಬಿಸಲಿಗೇ ಹಾಕ್ತೇವ್ರಿ!”

ಹೊಟ್ಟೆ ಹಿಡಿದು ನಕ್ಕೆ. ಆಮೇಲೆ ಅಂಜುವ ಮಾತನ್ನೂ ಹೇಳಲೇಬೇಕಾಯಿತು. ಕಿಡ್ನಿಯನ್ನು ಮೈ ಒಲ್ಲೆನ್ನದಿರಲೆಂದು ನುಂಗುವ ಗುಳಿಗೆಯೇ ಮೈಯ ಕಾವಲನ್ನು ಮಲಗಿಸಿತ್ತು. ಆ ಸಂದಿನಲ್ಲೇ ಬೂಷ್ಟು ಹೊಕ್ಕಿತ್ತು. ಗುಳಿಗೆ ಕಡಿಮೆ ಮಾಡಿದರೆ ಕಿಡ್ನಿ ಹೋದೀತು, ಮಾಡದಿದ್ದರೆ ಕಾಲು.

“ಕಾಲು ಹೋಗ್ಲಿ ಬಿಡ್ರಿ, ಅಕ್ಕನ ಕಿಡ್ನಿ ಉಳೀಲಿ,” ಎಂದ ತಮ್ಮ.

“ಬಾಯಿ ಮುಚ್ಚೋ! ಪಂಚಮಿಗೆ ನನ್ನ ಕರಿಯಾಕ ಕುಂಟಕೋತ ಬರ್ತೀಯೇನು? ಡಾಕ್ಟ್ರ, ಎರಡೂ ಉಳಿಸ್ರಿ. ನನ್ನ ಕಡೆ ಇನ್ನೊಂದು ಕಿಡ್ನಿ ಐತಿ ಖರೆ, ಅದು ನನಗ ಬೇಕಲ್ರಿ!”

೩. ಪಂಚಮಿ

ದೊಡ್ಡ ದವಾಖಾನೆಯಲ್ಲಿ ಕೀಲು ತೊಳೆದರು. ಗುಳಿಗೆಗಳನ್ನು ಅಳೆದು ತೂಗಿ ಕೊಟ್ಟರು. ಮುಂದೆ ತಿಂಗಳುಗಟ್ಟಲೆ ಅಕ್ಕ ವಾರವಾರ ಹುಕ್ಕೇರಿಯಿಂದ ಬಸ್ಸು ಹತ್ತಿ, ಮೂಡಲಗಿಯಲ್ಲಿಳಿದು, ನಾಗನೂರಿಗೆ ಹೋಗಿ, ತಮ್ಮನ ಬಾಯಿ ತೆರೆಸಿ ಗುಳಿಗೆ ನುಂಗಿದ್ದನ್ನು ನೋಡಿಯೇ ಮರಳುತ್ತಿದ್ದಳು. ಅಂಥ ನರ್ಸನ್ನು ನಾನು ಎಲ್ಲಿಯೂ ಕಂಡಿಲ್ಲ. ಕಿಡ್ನಿಯೂ ಉಳಿಯಿತು, ಕಾಲೂ ಮಡಚತೊಡಗಿತು.

ಮರುವರ್ಷ ನಾಗರಪಂಚಮಿಗೆ ತಮ್ಮ ಕೋಲಿಲ್ಲದೆ ಹುಕ್ಕೇರಿಗೆ ಹೋಗಿ, ಅಕ್ಕನನ್ನು ತವರಿಗೆ ಕರೆದುಕೊಂಡು ಹೊರಟ. ದಾರಿಯಲ್ಲಿ ಕಾಲು ತೋರಿಸಲು ನನ್ನಲ್ಲಿಗೆ ಬಂದರು. ಗೋಕಾಕದ ತನಕ ಕಳಿಸಲು ಬಂದಿದ್ದ ಅವಳ ಗಂಡ ಗೊಣಗುತ್ತಲೇ ಇದ್ದ.

“ಎಂಟು ದಿನ ಮನಿ ಬಿಟ್ಟು ಹೋದ್ರ ಹೆಂಗ್ರಿ ಡಾಕ್ಟ್ರ? ನೀವರ ಹೇಳ್ರಿ.”

ನಾನು ಬಾಯಿ ತೆರೆಯುವುದರೊಳಗೆ ಅಕ್ಕನೇ ಅವನತ್ತ ತಿರುಗಿದಳು:

“ನನ್ನ ಕಿಡ್ನಿ ತವರಿಗೆ ಹೋಗಿ ಮೂರು ವರ್ಷ ಆತು, ಒಂದು ದಿನಾನೂ ಕೇಳಲಿಲ್ಲ ನೀವು. ಉಳದಾಕಿ ನಾ ಎಂಟು ದಿನ ಹೋಗಬಾರದೇನ್ರಿ?”